ನಡುಗಡ್ಡೆಯ ಹನ್ನೊಂದು ಉಸಿರು

ಶಹಾಪುರ
೧೭ ಮೇ ೨೦೨೧

ಅವ್ವಾ,

ಕ್ಷೇಮ ಎಂದು ಬರೆಯಲು ಕೈ ಏಳುತ್ತಿಲ್ಲ. ಈ ಪತ್ರವನ್ನು ಮೈನುದ್ದೀನ ಮಾಸ್ತರರು ನಿನಗೆ ಓದಿ ಹೇಳುತ್ತಾರೆಂದು ನಂಬಿದ್ದೇನೆ. ಮಾಸ್ತರರೇ, ನನಗೆ ಅಕ್ಷರ ಕಲಿಸಿದವರು ನೀವು. ದಯವಿಟ್ಟು ಒಂದು ಸಾಲನ್ನೂ ಬಿಡದೆ ಓದಿರಿ.

ನಾನೀಗ ಯಾದಗಿರಿಯಲ್ಲಿಲ್ಲ. ಹನ್ನೆರಡು ದಿನಗಳ ಹಿಂದೆ ಕೋವಿಡ್ ವಾರ್ಡಿನಿಂದ ಓಡಿಬಂದೆ. ರಜೆ ಕೇಳಲಿಲ್ಲ, ಯಾರಿಗೂ ಹೇಳಲಿಲ್ಲ. ನರ್ಸಿನ ಕೆಲಸ ಸಿಕ್ಕಾಗ ನೀನು ಹೊಳೆಗೆ ಉಡಿ ತುಂಬಿದ್ದೆ. ಅದು ನೆನಪಾದಾಗಲೆಲ್ಲ ನನಗೆ ತಲೆ ಎತ್ತಲು ಆಗುವುದಿಲ್ಲ.

ವಾರ್ಡಿನಲ್ಲಿ ದಾವಲಬೀ ಎಂಬ ಬಳೆಗಾರ್ತಿ ಇದ್ದಳು. ನಿನ್ನದೇ ವಯಸ್ಸು. ಎರಡು ದಿನದಿಂದ ನನ್ನ ಕೈಯನ್ನು ಹಿಡಿದುಕೊಂಡೇ ಮಲಗುತ್ತಿದ್ದಳು. "ಬೇಟಿ, ಕೈ ಬಿಡಬ್ಯಾಡ. ನೀ ಹಿಡದ್ರ ಉಸರು ಬರ್ತದ" ಎನ್ನುತ್ತಿದ್ದಳು. ಆ ದಿನ ಎದುರಿನ ಹಾಸಿಗೆಯವನ ಮಾಸ್ಕು ಜಾರಿ ಯಂತ್ರ ಕೂಗತೊಡಗಿತು. ನಾನು ಕೈ ಕಿತ್ತುಕೊಂಡು ಓಡಿದೆ. ನಾಲ್ಕು ನಿಮಿಷ ಆಗಿರಬಹುದು. ಮರಳಿ ಬರುವಷ್ಟರಲ್ಲಿ ಅವಳು ಇರಲಿಲ್ಲ. ಅವಳ ಕೈ ಮಾತ್ರ ನಾನು ಬಿಟ್ಟ ಜಾಗದಲ್ಲಿ ಹಾಗೆಯೇ ಚಾಚಿಕೊಂಡಿತ್ತು.

ನಾನು ಹೊರಗೆ ಬಂದು ವಾರ್ಡಿನ ಆ ನೀಲಿ ರಕ್ಷಾ ಅಂಗಿ ಕಳಚಿ, ಬಸ್‌ಸ್ಟ್ಯಾಂಡಿನವರೆಗೂ ನಡೆದೆ. ಅಷ್ಟೇ ನೆನಪಿದೆ.

ಫೋನ್ ಬಂದ್ ಮಾಡಿದ್ದೇನೆ. ಅದು ರಿಂಗಾದರೆ ಸಾಕು, "ಸಿಸ್ಟರ್, ಒಂದ್ ಬೆಡ್ ಅದ ಏನ್ರಿ?" ಎಂದು ಅಳುವ ದನಿಯೇ ಕೇಳುತ್ತದೆ. ದಿನಕ್ಕೆ ಮೂವತ್ತು ಸಲ ಕೈ ತೊಳೆಯುತ್ತೇನೆ, ಚರ್ಮ ಬಿರಿದಿದೆ. ಇಲ್ಲಿಗೆ ಬಂದ ಹೊಸದರಲ್ಲಿ ಮೂರು ಸಲ ಪರೀಕ್ಷೆ ಮಾಡಿಸಿದೆ, ಮೂರು ಸಲವೂ ರೋಗವಿಲ್ಲ ಎಂದರು. ನಾನು ನಂಬಲಿಲ್ಲ. ಇಲ್ಲಿ ಸೌಭಾಗ್ಯಕ್ಕ ಎಂಬವರ ಮನೆಯ ಮಾಳಿಗೆಯ ಕೋಣೆಯಲ್ಲಿ ಚಿಲಕ ಹಾಕಿಕೊಂಡು ಕೂತಿದ್ದೇನೆ.

ನೀನು ಬರಬೇಡ. ನಾನೂ ಬರುವುದಿಲ್ಲ.

ನಿನ್ನ ಹೆಸರು ಕೆಡಿಸಿದ
ರಾಧಿಕಾ


ಹೊಳೆದಂಡೆ, ಸುರಪುರ ತಾಲೂಕು
೨೬ ಮೇ ೨೦೨೧

ಚಿರಂಜೀವಿ ರಾಧಿಕಾ,

ನಿನ್ನ ತಾಯಿ ಮಲ್ಲಿಕಮ್ಮ ಹೇಳುತ್ತಿದ್ದಾಳೆ, ನಾನು ಬರೆಯುತ್ತಿದ್ದೇನೆ. ಅವಳು ನೀರಿನಲ್ಲಿ ಕಾಲು ಬಿಟ್ಟುಕೊಂಡು ಬಂಡೆಯ ಮೇಲೆ ಕೂತಿದ್ದಾಳೆ. ನಾನು ಇಪ್ಪತ್ತು ಹೆಜ್ಜೆ ದೂರ, ಬೇವಿನ ಗಿಡದ ಕೆಳಗೆ, ಮೂಗಿಗೆ ಟವೆಲ್ ಕಟ್ಟಿಕೊಂಡು ಕೂತಿದ್ದೇನೆ. ಅವಳು ಕೂಗಿ ಹೇಳಬೇಕು. ಹಾಗಾಗಿ ನಿನ್ನ ಪತ್ರದ ಉತ್ತರ ಆಚೆ ದಂಡೆಗೂ ಕೇಳುತ್ತಿದೆ. ಅವಳ ಮಾತು ಅವಳದೇ ಬಾಯಿಯಲ್ಲಿ ಇರಲಿ:

"ಬರೀರಿ ಮಾಸ್ತರ. ಓಡಿ ಹೋಗ್ಯಾಳ ಅಂದ್ರ ಕಾಲಾದ್ರೂ ಗಟ್ಟಿ ಅದಾವ ಅಂತಾತು. ಉಣ್ಣಾಕತ್ತಾಳೋ ಇಲ್ಲೋ ಕೇಳ್ರಿ. ಆ ಸೌಭಾಗ್ಯಕ್ಕ ಯಾರಕಿ, ಯಾವೂರಾಕಿ ಕೇಳ್ರಿ. ಕೈಗಿ ಕೊಬ್ಬರಿ ಎಣ್ಣಿ ಹಚ್ಚಂತ ಹೇಳ್ರಿ. ಇಲ್ಲಿ ಮೀನ ಕಡಿಮಿ ಅದ. ಹೊಳಿ ಇಳದಾದ. ನಾ ಆರಾಮ ಇದ್ದೀನಿ. ಮುಗೀತು."

ಮುಗಿಯಿತು ಎಂದು ಎದ್ದು ಹೋದಳು. ಕೆಳಗಿನ ಸಾಲುಗಳು ನನ್ನವು, ಅವಳಿಗೆ ಗೊತ್ತಿಲ್ಲ.

ನಿನ್ನ ಪತ್ರವನ್ನು ನಾನು ಎರಡು ಸಲ ಓದಿ ಹೇಳಿದೆ. ಎರಡನೆಯ ಸಲ ದಾವಲಬೀಯ ಹೆಸರು ಬಂದಾಗ ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಆಮೇಲೆ ಹರಗೋಲು ಬೋರಲು ಹಾಕಿ ಮಧ್ಯಾಹ್ನವಿಡೀ ಡಾಂಬರು ಹಚ್ಚುತ್ತ ಕೂತಳು. ಆ ಹರಗೋಲಿಗೆ ಡಾಂಬರು ಬೇಕಾಗಿರಲಿಲ್ಲ.

ಎದುರಿನ ನಡುಗಡ್ಡೆಗೆ ಲಸಿಕೆಯ ಪೆಟ್ಟಿಗೆ ಒಯ್ಯುವವರನ್ನು ಅವಳೇ ದಾಟಿಸುತ್ತಿದ್ದಾಳೆ. ಮೂರು ಸಲ ಹೋದರು, ಮೂರು ಸಲವೂ ಆ ಗಡ್ಡಿಯ ಜನ ಓಡಿಸಿದರು. ಬಾಲರಾಜ ಎಂಬವನಂತೂ ಬಡಿಗೆ ಹಿಡಿದು ದಂಡೆಗೇ ಬಂದ: "ಸೂಜಿ ಚುಚ್ಚಿಸಿಕೊಂಡು ಸಾಯೂದಕಿಂತ ಹಂಗೇ ಸಾಯ್ತೀವಿ, ಹೋಗ್ರಿ!"

ಇನ್ನೊಂದು ವಿಷಯ. ನನ್ನ ಹೆಂಡತಿ ಕುಬ್ರಾಬೇಗಂ ಕಳೆದ ವರ್ಷ ಇದೇ ರೋಗದಲ್ಲಿ ಹೋದದ್ದು ನಿನಗೆ ಗೊತ್ತು. ಅಂದಿನಿಂದ ನಾನು ಅಂಗಳ ದಾಟಿರಲಿಲ್ಲ. ನಿನ್ನ ಪತ್ರ ಓದಲೆಂದೇ ಮೊದಲ ಸಲ ಹೊಳೆಯವರೆಗೆ ಬಂದೆ. ನೀನು ಒಬ್ಬಳೇ ಚಿಲಕ ಹಾಕಿಕೊಂಡಿಲ್ಲ, ಮಗಳೇ.

ನಿನ್ನ
ಮೈನುದ್ದೀನ


ಶಹಾಪುರ
೧೪ ಜೂನ್ ೨೦೨೧

ಅವ್ವಾ,

ಊಟ ಮಾಡುತ್ತಿದ್ದೇನೆ. ಸೌಭಾಗ್ಯಕ್ಕ ಸಗರದವರು. ದಿನಾಲು ಮೆಟ್ಟಿಲ ಮೇಲೆ ಎರಡು ಜೋಳದ ರೊಟ್ಟಿ, ಪುಂಡಿಪಲ್ಯ ಇಟ್ಟು ಕೆಳಗಿನಿಂದ ಕೂಗುತ್ತಾರೆ: "ಸಿಸ್ಟರ್, ರೊಟ್ಟಿ ಕಾಗಿ ಒಯ್ದಾವ ನೋಡ್ರಿ!" ಅವರು ಇದುವರೆಗೆ ಒಂದು ಪ್ರಶ್ನೆಯನ್ನೂ ಕೇಳಿಲ್ಲ.

ನನ್ನ ಕಿಟಕಿಯಿಂದ ಬೆಟ್ಟ ಕಾಣುತ್ತದೆ. ಯಾರೋ ಅಂಗಾತ ಮಲಗಿದಂತಿರುವ ಆ ಬೆಟ್ಟ ನಿನಗೂ ಗೊತ್ತು. ಬೆಳಿಗ್ಗೆ ಆರಕ್ಕೆ ಮೊದಲು ಹಣೆಗೆ ಬಿಸಿಲು ಬೀಳುತ್ತದೆ, ಆಮೇಲೆ ಮೂಗಿಗೆ, ಆಮೇಲೆ ಎದೆಗೆ. ಎದೆ ಬೆಳಗಾಗುವಾಗ ಅದು ಉಸಿರೆಳೆದಂತೆ ತೋರುತ್ತದೆ. ಕಲ್ಲು ಉಸಿರಾಡುವುದಿಲ್ಲ ಎಂದು ಗೊತ್ತಿದ್ದೂ ಎರಡು ವಾರದಿಂದ ಅದನ್ನು ನೋಡಲೆಂದೇ ಏಳುತ್ತಿದ್ದೇನೆ.

ನಿನ್ನೆ ಕೆಳಗಿನ ಬಾಗಿಲವರೆಗೆ ಇಳಿದೆ. ಬೀದಿಯಲ್ಲಿ ಯಾರೋ ಕೆಮ್ಮಿದರು. ಮತ್ತೆ ಮೇಲೆ ಓಡಿದೆ. ಚಿಲಕ ಹಾಕಿ ಮತ್ತೆ ಕೈ ತೊಳೆದೆ.

ನಗಬೇಡ, ಕೆಲವು ಮಾತು ಬರೆಯುತ್ತೇನೆ. ಬರೆಯದಿದ್ದರೆ ನಿದ್ದೆ ಬರುವುದಿಲ್ಲ. ಯಾರಿಗಾದರೂ ಜ್ವರ ಬಂದರೆ ಬೇರೆ ಮಲಗಿಸು. ಕಿಟಕಿ ತೆರೆದಿಡು. ಏದುಸಿರು ಬಂದರೆ ಬೋರಲು, ಹೊಟ್ಟೆಯ ಮೇಲೆ ಮಲಗಿಸು, ಎದೆಯ ಕೆಳಗೆ ಸೀರೆ ಮಡಚಿ ಇಡು. ಉಸಿರು ಹಗುರಾಗುತ್ತದೆ. ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸು. ನೀರು ಕುಡಿಸು. ಮಾಸ್ತರರೇ, ಇದನ್ನು ಅವಳಿಗೆ ಮೂರು ಸಲ ಓದಿ ಹೇಳಿರಿ.

ಅವ್ವಾ, ಒಂದು ಕೇಳಲೇ? ಅಪ್ಪ ಹೊಳೆಯ ಪಾಲಾದಾಗ ನನಗೆ ಆರು ವರ್ಷ. ಹನ್ನೊಂದನೆಯ ದಿನ ನೀನು ಅದೇ ಹೊಳೆಗೆ ಅದೇ ಹರಗೋಲು ಇಳಿಸಿದೆ. ಕೊಡೇಕಲ್ಲಿಗೆ ಹೊರಟ ಯಾತ್ರಿಕರನ್ನು ದಾಟಿಸಿದೆ. ನಾನು ದಂಡೆಯಲ್ಲಿ ನಿಂತು ನೋಡಿದ್ದೆ. ನಿನಗೆ ಅಂಜಿಕೆ ಎಂಬುದೇ ಇಲ್ಲವೇ? ನಿನ್ನ ಹೊಟ್ಟೆಯಲ್ಲಿ ಹುಟ್ಟಿದ ನಾನು ಯಾಕೆ ಹೀಗಾದೆ?

ರಾಧಿಕಾ


ಹೊಳೆದಂಡೆ
೨ ಜುಲೈ ೨೦೨೧

ಚಿರಂಜೀವಿ ರಾಧಿಕಾ,

ನಿನ್ನ ಸೂಚನೆಗಳನ್ನು ಮೂರಲ್ಲ, ಐದು ಸಲ ಓದಿಸಿಕೊಂಡಳು. ನಿನ್ನ ಪ್ರಶ್ನೆ ಕೇಳಿದ್ದೇ ಎದ್ದು ಹೋದಳು. ಎರಡು ವಾರ ದಂಡೆಗೆ ಬಂದರೂ ನನ್ನ ಕಡೆ ನೋಡದೆ ಹೋದಳು. ಇಂದು ಬೆಳಿಗ್ಗೆ ತಾನಾಗಿ ಬಂದು ಬಂಡೆಯ ಮೇಲೆ ಕೂತಳು. ಕೂಗಲಿಲ್ಲ, ನನ್ನನ್ನೇ ಹತ್ತಿರ ಕರೆದಳು. ನಾನು ಹೋದೆ.

"ಬರೀರಿ. ಅವತ್ತ ಊರ ಮಂದಿ ನನಗ ಗಂಡೆದಿ ಹೆಣ್ಣು ಅಂದ್ರು. ಹೊಳಿ ನಡುವ ಹೋದಾಗ ನಾ ಉಟ್ಟ ಸೀರ್‍ಯಾಗ ಉಚ್ಚಿ ಹೊಯ್ಕೊಂಡಿದ್ದೆ."

ನನ್ನ ಪೆನ್ನು ನಿಂತಿತು.

"ಬರೀರಿ ಮಾಸ್ತರ. ಅದನ್ನೂ ಬರೀರಿ. ಆಚಿ ದಂಡಿಗಿ ಹೋಗೂದ್ರಾಗ ಹೊಳಿ ನೀರ ಉಗ್ಗಿಕೊಂಡು ತೊಳಕೊಂಡೆ, ಯಾತ್ರಿ ಮಂದಿ ತೆರಿ ಹೊಡದದ ಅಂತ ತಿಳಕೊಂಡ್ರು. ಇಪ್ಪತ್ತಾರ ವರ್ಷ ಆತು. ಇವತ್ತಿಗೂ ಹರಗೋಲದಾಗ ಕಾಲಿಟ್ಟಾಗ ಹೊಟ್ಟಿ ತಣ್ಣಗಾಗ್ತದ. ಅಂಜಿಕಿ ಹೋಗಲಿ ಅಂತ ದಂಡಿ ಮ್ಯಾಲ ಕುಂತಿದ್ರ ನಾ ಇನ್ನಾ ದಂಡಿ ಮ್ಯಾಲೇ ಇರ್ತಿದ್ದೆ. ನೀ ಸಣ್ಣಾಕಿದ್ದಿ, ನಿಂಗ ಹಸಿವಿತ್ತು. ಅದಕ ಅಂಜಿಕಿನ್ನೂ ಕುಂದ್ರಿಸ್ಕೊಂಡು ಹೋದೆ. ಹರಗೋಲ ಸುಳಿಗಿ ಸಿಕ್ರ ಗಿರಿಗಿರಿ ತಿರಗ್ತದ. ಜಗಳಾಡಿದ್ರ ಮಗಚತದ. ಒಂದ್ ಸುತ್ತ ತಿರಗಾಕ ಬಿಡಬೇಕು, ಮಾರಿ ದಂಡಿ ಕಡಿ ಬಂದಾಗ ಹುಟ್ಟ ಹಾಕಬೇಕು. ನೀ ಈಗ ತಿರಗಾಕತ್ತಿ. ತಿರಗು. ಫಿಕರ್ ಮಾಡಬ್ಯಾಡ."

ಮೂವತ್ತೆಂಟು ವರ್ಷ ಪಾಠ ಹೇಳಿದ ನಾನು ಅವಳ ಮುಂದೆ ವಿದ್ಯಾರ್ಥಿಯಂತೆ ಕೂತಿದ್ದೆ. ಟವೆಲ್ ಜಾರಿದ್ದೂ ಗೊತ್ತಾಗಲಿಲ್ಲ.

ಮೈನುದ್ದೀನ


ಹೊಳೆದಂಡೆ
೨೫ ಜುಲೈ ೨೦೨೧, ಮುಂಜಾನೆ

ರಾಧಿಕಾ,

ಇದನ್ನು ಶಹಾಪುರದ ಬಸ್ಸಿನ ಕಂಡಕ್ಟರ್ ಬಾಲಪ್ಪನ ಕೈಯಲ್ಲಿ ಕಳಿಸುತ್ತಿದ್ದೇನೆ. ಅಂಚೆಗೆ ಹೊತ್ತಿಲ್ಲ.

ಮೇಲಿನ ಜಲಾಶಯದ ಗೇಟುಗಳನ್ನು ತೆಗೆದಿದ್ದಾರೆ. ಹೊಳೆ ಇಷ್ಟು ಅಗಲವಾದದ್ದನ್ನು ನಾನು ಕಂಡಿಲ್ಲ. ನಾವು ಕೂತು ಪತ್ರ ಬರೆದ ಬಂಡೆ ಕಾಣುತ್ತಿಲ್ಲ. ಗಡ್ಡಿಯಲ್ಲಿ ಎರಡು ಮನೆಗಳಲ್ಲಿ ಜ್ವರ ಎಂದು ಕೇಳಿ ನಿನ್ನ ತಾಯಿ ನಾಲ್ಕು ದಿನದ ಹಿಂದೆ ಅಕ್ಕಿ, ಗುಳಿಗೆ ಒಯ್ದಳು. ಹಿಂದೆಯೇ ನೀರು ಬಂತು. ಅಲ್ಲೇ ಉಳಿದಿದ್ದಾಳೆ. ನಿನ್ನೆ ಗಡ್ಡಿಯಿಂದ ಒಂದು ಫೋನ್ ಹತ್ತಿತು: ಈಗ ಹನ್ನೊಂದು ಜನರಿಗೆ ಜ್ವರ, ನಿನ್ನ ತಾಯಿಯೂ ಅವರಲ್ಲಿ ಒಬ್ಬಳು. ನಮ್ಮ ಭಾಗದ ನರ್ಸಮ್ಮ ತಾನೇ ಜ್ವರದಲ್ಲಿ ಮಲಗಿದ್ದಾಳೆ. ನಾಳೆ ಮಧ್ಯಾಹ್ನ ರಕ್ಷಣಾ ತಂಡದ ರಬ್ಬರ್ ದೋಣಿ ಔಷಧ ಒಯ್ಯುತ್ತದೆ. ಅದರಲ್ಲಿ ಒಂದು ಜಾಗ ಖಾಲಿ ಇದೆ.

ಬಾ ಎಂದು ನಾನು ಬರೆಯುವುದಿಲ್ಲ. ಬಾರದಿದ್ದರೆ ನಿನ್ನನ್ನು ದೂರುವ ಯೋಗ್ಯತೆ ನನಗಿಲ್ಲ. ನಿನಗೆ ತಿಳಿಸದೆ ಇರಲು ಮಾತ್ರ ಆಗಲಿಲ್ಲ.

ಮೈನುದ್ದೀನ


ನಡುಗಡ್ಡೆ
೩ ಆಗಸ್ಟ್ ೨೦೨೧

ಪೂಜ್ಯ ಮಾಸ್ತರರೇ,

ಅಂದು ದಂಡೆಯಲ್ಲಿ ನಿಮ್ಮೊಡನೆ ಒಂದು ಮಾತೂ ಆಡದೆ ದೋಣಿ ಹತ್ತಿದೆ. ಬಾಯಿ ತೆರೆದಿದ್ದರೆ ಹಿಂದಿರುಗಿ ಬಿಡುತ್ತಿದ್ದೆ. ಈಗ ಎಲ್ಲವನ್ನೂ ಹೇಳುತ್ತೇನೆ.

ನಿಮ್ಮ ಚೀಟಿ ಓದಿ ನಾನು ಕೋಣೆಯಲ್ಲಿ ಕೂತೇ ಇದ್ದೆ. ಕೆಳಗೆ ಬಾಲಪ್ಪನವರು, "ಸಿಸ್ಟರ್, ಹತ್ತು ಮಿನಿಟ್ ಬಸ್ ನಿಲ್ಲಸ್ತೀನ್ರಿ. ಮಂದಿ ಬೈದ್ರ ಬೈಲಿ" ಎಂದು ಕೂಗಿ ಹೋದರು. ಸೌಭಾಗ್ಯಕ್ಕ ಮೇಲೆ ಬಂದು ಬಾಗಿಲ ಹೊರಗೆ ನಿಂತರು. "ನಾ ಬಸ್ಸಿನ ತನಾ ಬರ್ತೀನಿ. ಹತ್ತೂದು ಬಿಡೂದು ನಿಂಗ ಬಿಟ್ಟದ್ದು" ಎಂದರು. ಬಸ್‌ಸ್ಟ್ಯಾಂಡಿನಲ್ಲಿ ವಾಂತಿ ಮಾಡಿಕೊಂಡೆ. ಬಾಯಿ ತೊಳೆದು ಹತ್ತಿದೆ. ಧೈರ್ಯ ಬಂದು ಹತ್ತಿದೆ ಎಂದು ದಯವಿಟ್ಟು ಯಾರಿಗೂ ಹೇಳಬೇಡಿ. ಅಂಜಿಕೆ ಪಕ್ಕದ ಸೀಟಿನಲ್ಲೇ ಕೂತಿತ್ತು.

ಹೊಳೆಯನ್ನು ನಾನು ಹುಟ್ಟಿದಾಗಿನಿಂದ ನೋಡಿದ್ದೇನೆ ಎಂದುಕೊಂಡಿದ್ದೆ. ನೋಡಿರಲಿಲ್ಲ. ಕೆಂಪು ನೀರು ಆಕಾಶದ ಅಂಚಿನಿಂದ ಅಂಚಿನವರೆಗೆ ಒಂದೇ ಮೈಯಾಗಿ ಸರಿಯುತ್ತಿತ್ತು. ಬೇರು ಸಮೇತ ಒಂದು ಜಾಲಿಮರ ನಮ್ಮ ಪಕ್ಕದಲ್ಲೇ ತೇಲಿಹೋಯಿತು, ಅದರ ಮೇಲೆ ಒಂದು ಕೊಕ್ಕರೆ ಸುಮ್ಮನೆ ನಿಂತಿತ್ತು. ಆ ಸದ್ದು ಕಿವಿಗಿಂತ ಹಲ್ಲಿಗೆ ತಾಗುತ್ತಿತ್ತು. ನಾನು ಎಷ್ಟು ಸಣ್ಣವಳು ಎಂದು ಅರಿವಾಗಿ, ಯಾಕೋ ಎದೆ ಹಗುರಾಯಿತು. ಎರಡೂವರೆ ತಿಂಗಳು ಒಂದು ಕೋಣೆಯಲ್ಲಿ ನನ್ನ ಅಂಜಿಕೆಯೇ ಎಲ್ಲಕ್ಕಿಂತ ದೊಡ್ಡದಾಗಿತ್ತು.

ಗಡ್ಡಿಯ ಶಾಲೆಯ ಬಾಗಿಲಿಗೆ ಬಂದು ನಾನು ನಿಂತುಬಿಟ್ಟೆ. ಕಿಟಕಿಗಳೆಲ್ಲ ತೆರೆದಿದ್ದವು. ಒಂದೊಂದು ಕಿಟಕಿಯ ಕೆಳಗೆ ಒಂದೊಂದು ಚಾಪೆ. ಹನ್ನೊಂದು ಜನರೂ ಬೋರಲು ಮಲಗಿದ್ದರು, ಎದೆಯ ಕೆಳಗೆ ಮಡಚಿದ ಸೀರೆ. ಬಾಗಿಲ ಬಳಿ ಇದ್ದಿಲಿನಿಂದ ಗೆರೆ ಎಳೆದಿತ್ತು. ಆರಾಮ ಇದ್ದವರು ಗೆರೆಯಾಚೆ ಗಂಜಿ ಇಟ್ಟು ಹೋಗುತ್ತಿದ್ದರು. ಮೌನೇಶ್ವರಿ ಎಂಬ ಹೆಣ್ಣುಮಗಳು ಬಾಯಿಗೆ ಬಟ್ಟೆ ಕಟ್ಟಿಕೊಂಡು ಎಲ್ಲರ ಮಗ್ಗುಲು ಬದಲಿಸುತ್ತಿದ್ದಳು.

"ಇದನ್ನೆಲ್ಲ ಯಾರು ಹೇಳಿಕೊಟ್ಟರು?" ಎಂದೆ.

"ಮಲ್ಲಿಕಮ್ಮ ಆಯಿ ಹೇಳ್ಯಾಳ್ರಿ. ಜ್ವರ ಏರೂ ತನಾ ಆಕೀನೇ ಎಲ್ಲಾ ಮಾಡಿದ್ಲು. ಮಗಳು ಪತ್ರದಾಗ ಬರದಾಳ, ಎಲ್ಲಾ ಬಾಯಿಪಾಠ ಅದ ಅಂದ್ಲು."

ಮಾಸ್ತರರೇ, ಅವು ನಾನು ನಿದ್ದೆ ಬಾರದೆ ನಡುಗುತ್ತ ಗೀಚಿದ ಸಾಲುಗಳು. ಅಂಜಿಕೆಯಿಂದ ಹುಟ್ಟಿದ ಆ ಮಾತುಗಳನ್ನು ಅಕ್ಷರ ಬಾರದ ನನ್ನ ತಾಯಿ ಎದೆಯಲ್ಲಿಟ್ಟುಕೊಂಡು, ಹೊಳೆ ದಾಟಿಸಿ, ಹನ್ನೊಂದು ಜನರ ಮೈಮೇಲೆ ಹೊದಿಸಿದ್ದಳು. ನಾನು ಬಾಗಿಲು ಹಿಡಿದುಕೊಂಡು ಅತ್ತೆ. ಆಮೇಲೆ ಕೈಗವಸು ಹಾಕಿಕೊಂಡೆ.

ಬೆರಳಿಗೆ ಯಂತ್ರ ಹಚ್ಚಿ ನೋಡಿದೆ. ತೊಂಬತ್ನಾಲ್ಕರ ಮೇಲಿರಬೇಕಾದ ಆಮ್ಲಜನಕ ಅವ್ವನಿಗೆ ಎಂಬತ್ತೇಳು ಇತ್ತು. ಮೂಲೆಯಲ್ಲಿದ್ದ ಬಾಲರಾಜನಿಗೆ ಎಪ್ಪತ್ತೊಂಬತ್ತು. ಬಡಿಗೆ ಹಿಡಿದು ಬಂದವನು ಎಂದು ನೀವು ಬರೆದಿದ್ದಿರಲ್ಲ, ಅವನೇ. ದೋಣಿ ತಂದಿದ್ದು ಒಂದೇ ಸಿಲಿಂಡರು. ಈ ಹರಿವಿನಲ್ಲಿ ರೋಗಿಗಳನ್ನು ದಾಟಿಸಲಾಗದು, ಉಳಿದ ಸಿಲಿಂಡರು ನಾಳೆ, ಗಾಳಿ ಇಳಿದರೆ, ಎಂದಿದ್ದರು.

ನಾನು ಸಿಲಿಂಡರನ್ನು ಇಬ್ಬರ ನಡುವೆ ಇಟ್ಟುಕೊಂಡು ನಿಂತೆ. ಅವ್ವ ಕಣ್ಣು ತೆರೆದಳು.

"ಯಾರಿಗಿ ಕಡಿಮಿ ಅದ?"

"ಬಾಲರಾಜಗ."

"ಮತ್ತ ನನ್ನ ಮಾರಿ ಏನ ನೋಡಾಕತ್ತಿ?"

ಇಷ್ಟು ಹೇಳಿ ಅವಳು ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡಳು. ನಾನು ಅವಳ ಮುಖ ನೋಡದೆ ಇರಲಿ ಎಂದು ತಿರುಗಿಸಿಕೊಂಡಳು. ನಾನು ಬಾಲರಾಜನಿಗೆ ಮಾಸ್ಕು ಹಚ್ಚಿದೆ. ಅವನ ಹೆಂಡತಿ ಗೆರೆಯಾಚೆ ನಿಂತು ಎಲ್ಲವನ್ನೂ ನೋಡಿದಳು. ನನಗೆ ಕೈ ಮುಗಿಯಲಿಲ್ಲ. ನೆಲಕ್ಕೆ ಕೂತು ಹಣೆಯನ್ನು ಮಣ್ಣಿಗೆ ಹಚ್ಚಿದಳು.

ಇಲ್ಲಿಯ ದೊಡ್ಡ ಬಂಡೆಯ ತುದಿಗೆ ಹತ್ತಿದರೆ ಮಾತ್ರ ಫೋನ್ ಹತ್ತುತ್ತದೆ. ನನ್ನ ಫೋನನ್ನು ಶುರು ಮಾಡಿ, ಬಿಟ್ಟು ಬಂದಿದ್ದ ವಾರ್ಡಿನ ಡಾಕ್ಟರ್ ಸಾಹೇಬರಿಗೇ ಹಚ್ಚಿದೆ. ಹೆಸರು ಹೇಳಿದೆ. "ರೀಡಿಂಗ್ ಹೇಳಮ್ಮಾ" ಎಂದಷ್ಟೇ ಹೇಳಿದರು. ಆಮೇಲೆ ದಿನಾಲು ಎರಡು ಸಲ ಹತ್ತಿದೆ, ಅವರು ಹೇಳಿದ ಗುಳಿಗೆ ಕೊಟ್ಟೆ. ಬಿಟ್ಟು ಬಂದದ್ದಕ್ಕೆ ನೋಟಿಸು ಇದೆಯಂತೆ. "ಅದನ್ನ ಬಂದು ಎದುರಿಸು, ಮೊದಲು ಅಲ್ಲಿಯದು ಮುಗಿಸು. ಮನಸ್ಸಿನ ಡಾಕ್ಟರನ್ನೂ ನೋಡು. ನಾನೂ ನೋಡಿ ಬಂದೀನಿ" ಎಂದರು. ಅಷ್ಟು ದೊಡ್ಡ ಮನುಷ್ಯನಿಗೂ ಹಾಗಾಗುತ್ತದೆ ಎಂದು ನನಗೆ ಹೊಳೆದೇ ಇರಲಿಲ್ಲ.

ಮರುದಿನ ದೋಣಿ ಬರಲಿಲ್ಲ. ಅವ್ವ ಎಂಬತ್ನಾಲ್ಕಕ್ಕೆ ಇಳಿದಳು. ಇನ್ನೊಬ್ಬರಿಗೆ ಗಂಜಿ ಕುಡಿಸುವಾಗಲೂ ನನ್ನ ಬೆನ್ನಿಗೆ ಅವಳ ಉಸಿರು ಕೇಳುತ್ತಿತ್ತು. ಒಂದು ಸಲ ಕೈ ಹಿಡಿಯಲು ಹೋದೆ. "ಆ ಹುಡಿಗಿ ನೀರ ಕೇಳಾಕತ್ತದ, ಹೋಗು" ಎಂದು ಬಿಡಿಸಿಕೊಂಡಳು. ಹೋದೆ. ಕೈ ಬಿಟ್ಟು ಹೋಗುವುದೂ ಈ ಕೆಲಸದ ಒಂದು ಭಾಗ ಎಂಬುದು ಆಗ ತಿಳಿಯಿತು. ದಾವಲಬೀಯನ್ನು ನಾನು ಮರೆಯುವುದಿಲ್ಲ. ಅವಳ ಸಾವಿಗೆ ನಾನೇ ಕಾರಣ ಎಂದು ಇನ್ನು ಹೇಳಿಕೊಳ್ಳುವುದೂ ಇಲ್ಲ.

ಮೂರನೆಯ ದಿನ ಬೆಳಿಗ್ಗೆ ಮಳೆ ನಿಂತಿತು. ಒಮ್ಮೆಲೇ ಶಾಲೆಯೊಳಗೆ ಉಸಿರುಗಳು ಕೇಳತೊಡಗಿದವು. ಒಂದು ತಿದಿಯಂತೆ, ಒಂದು ಬೆಕ್ಕಿನಂತೆ ಗುರುಗುರು, ಒಂದು ಸಣ್ಣ ಸಿಳ್ಳೆ, ಬಾಲರಾಜನದು ಹಳೆಯ ಬಾಗಿಲು ತೆರೆದಂತೆ. ಅವ್ವನದು ಎಲ್ಲಕ್ಕಿಂತ ಮೆಲ್ಲಗೆ, ಆದರೆ ತಪ್ಪದೆ. ಎಣಿಸಿದೆ. ಹನ್ನೊಂದು. ಸುತ್ತಲೂ ಅಷ್ಟು ದೊಡ್ಡ ಹೊಳೆ ಗರ್ಜಿಸುತ್ತಿತ್ತು. ಈ ಹನ್ನೊಂದು ಎಳೆಗಳು ಅದರ ನಡುವೆ ಕಡಿಯದೆ ಸಾಗುತ್ತಿದ್ದವು. ವಾರ್ಡಿನಲ್ಲಿ ಉಸಿರನ್ನು ನಾನು ಹಾಳೆಯ ಮೇಲೆ ಎಷ್ಟೋ ಸಲ ಬರೆದಿದ್ದೇನೆ. ಒಬ್ಬ ಮನುಷ್ಯ ಗಾಳಿಯನ್ನು ಒಳಗೆ ಕರೆದು, ಬಿಟ್ಟು, ಮತ್ತೆ ಕರೆಯುವುದು ಎಂಥ ದೊಡ್ಡ ಸಂಗತಿ ಎಂದು ಅಂದೇ ಕಂಡೆ. ಯಾರಿಗೆ ಎಂದು ತಿಳಿಯದೆ ಕೈ ಮುಗಿದೆ.

ಹತ್ತು ಗಂಟೆಗೆ ದೋಣಿಯ ಸದ್ದಾಯಿತು. ಸಿಲಿಂಡರು ಬಂದವು.

ಎಲ್ಲರೂ ಉಳಿದಿದ್ದಾರೆ. ಅವ್ವ ಇಂದು ತೊಂಬತ್ತೊಂದು. ಮೀನಿನ ಸಾರು ಕೇಳಿ ಬೈಸಿಕೊಂಡಳು. ಬಾಲರಾಜ ನಿನ್ನೆ ಗೋಡೆಗೆ ಒರಗಿ ಕೂತ. ನನ್ನನ್ನು ಕರೆದು, "ಸಿಸ್ಟರ್, ಆ ಸೂಜಿ ಪೆಟಗಿ ಮತ್ತ ಯಾವಾಗ ಬರ್ತದ್ರಿ?" ಎಂದ.

ಇನ್ನೊಂದು ವಾರಕ್ಕೆ ಮೊದಲ ದೋಣಿಯಲ್ಲಿ ಐದು ಜನರನ್ನು ಸುರಪುರದ ತಪಾಸಣೆಗೆ ಕಳಿಸುತ್ತೇನೆ. ಅವ್ವನೂ ಇರುತ್ತಾಳೆ. ಅಷ್ಟರಲ್ಲಿ ಅವರಿಂದ ಯಾರಿಗೂ ರೋಗ ಹತ್ತುವ ಕಾಲ ಮುಗಿದಿರುತ್ತದೆ. ಊರಿನವರಿಗೆ ದಯವಿಟ್ಟು ತಿಳಿಸಿ ಹೇಳಿ. ಉಳಿದವರು ಏಳುವವರೆಗೆ ನಾನು ಇಲ್ಲೇ ಇರುತ್ತೇನೆ. ಆಮೇಲೆ ಯಾದಗಿರಿಗೆ, ನನ್ನ ವಾರ್ಡಿಗೆ.

ನಿಮ್ಮ ವಿದ್ಯಾರ್ಥಿನಿ
ರಾಧಿಕಾ


ಹೊಳೆದಂಡೆ
೧೧ ಆಗಸ್ಟ್ ೨೦೨೧

ಪ್ರೀತಿಯ ರಾಧಿಕಾ,

ನೀನು ಹೇಳಿದಂತೆ ಊರಿಗೆ ತಿಳಿಸಿ ಹೇಳಿದೆ. ಮನೆಮನೆಗೆ ಹೋದೆ. ಎಲ್ಲರೂ ಹೌದ್ರಿ, ಹೌದ್ರಿ ಎಂದರು. ಯಾರೂ ನಂಬಲಿಲ್ಲ.

ನಿನ್ನೆ ದೋಣಿ ಬಂದಾಗ ಊರೆಲ್ಲ ದಂಡೆಯಲ್ಲಿತ್ತು, ಆದರೆ ದೂರದಲ್ಲಿ, ಬೇವಿನ ಗಿಡದ ಆಚೆ. ನೀರು ಇಳಿದು ದಂಡೆಯಲ್ಲಿ ತೊಡೆಯುದ್ದ ಕೆಸರು. ದೋಣಿ ಅದಕ್ಕಿಂತ ಮುಂದೆ ಬರಲಾಗಲಿಲ್ಲ. ಐದು ಜನರೂ ಸೊರಗಿದ್ದರು, ಆ ಕೆಸರು ದಾಟುವ ತಾಕತ್ತು ಒಬ್ಬರಿಗೂ ಇರಲಿಲ್ಲ. "ಯಾರರ ಬರ್ರಿ!" ಎಂದು ದೋಣಿಯವರು ಕೂಗಿದರು. ಯಾರೂ ಅಲುಗಲಿಲ್ಲ. ನಾನೂ ಅಲುಗಲಿಲ್ಲ ರಾಧಿಕಾ. ಇದನ್ನು ನಿನಗೆ ಮುಚ್ಚಿಡುವುದಿಲ್ಲ.

ಆಗ ಗೊಲ್ಲಾಳಮ್ಮ ಸೀರೆಯ ಕಚ್ಚೆ ಹಾಕಿದಳು. ಮೇಲಿನ ಓಣಿಯ ಗೊಲ್ಲಾಳಮ್ಮ, ಕಳೆದ ವರ್ಷ ಮುಂಬೈಯಿಂದ ಮರಳಿದ ಕೂಲಿಯವರು ಒಳಗೆ ಬಾರದಂತೆ ದಾರಿಗೆ ಜಾಲಿಮುಳ್ಳು ಎಳೆದಿದ್ದವಳು. ಆ ಕೂಲಿಯವರನ್ನು ಹರಗೋಲಿನಲ್ಲಿ ದಾಟಿಸಿದ ನಿನ್ನ ತಾಯಿಯೊಡನೆ ಅವಳು ಅಂದಿನಿಂದ ಮಾತು ಬಿಟ್ಟಿದ್ದಳು. ಅವಳು ಕೆಸರಿಗಿಳಿದಾಗ ಅಂಜಿಕೆಗೆ ಅವಳ ಕಣ್ಣು ಅರ್ಧ ಮುಚ್ಚಿದ್ದವು. ತೊಡೆಯವರೆಗೆ ಹೂತುಕೊಂಡು ದೋಣಿಯ ಹಗ್ಗ ಹಿಡಿದಳು. ಹೊತ್ತುಕೊಳ್ಳಲು ದೋಣಿಗೆ ಬೆನ್ನು ಕೊಟ್ಟು ನಿಂತಳು.

ಆಮೇಲೆ ಯಾರು ಮೊದಲು ಇಳಿದರೋ ಗೊತ್ತಿಲ್ಲ. ನನಗೆ ಎಚ್ಚರವಾದಾಗ ನಾನು ಕೆಸರಿನ ನಡುವೆ ಇದ್ದೆ, ಬಾಲರಾಜನ ಕೈ ನನ್ನ ಹೆಗಲ ಮೇಲಿತ್ತು, ಸುತ್ತಲೂ ಇಡೀ ಊರು ಇತ್ತು.

ಗೊಲ್ಲಾಳಮ್ಮ ನಿನ್ನ ತಾಯಿಯನ್ನು ಬೆನ್ನ ಮೇಲೆ ಹೊತ್ತು ನನ್ನ ಪಕ್ಕದಲ್ಲೇ ಹಾದುಹೋದಳು. ನಿನ್ನ ತಾಯಿ ಮುಖವನ್ನು ಅತ್ತ ಹೊರಳಿಸಿ, "ಬಿಡ ಗೊಲ್ಲಾಳೆವ್ವ, ನನ್ನ ಉಸರು ನಿನಗ ತಾಗತದ" ಎನ್ನುತ್ತಿದ್ದಳು.

"ಸುಮ್ನ ಕುಂದ್ರ ಮಲ್ಲಿಕಿ," ಎಂದು ಗೊಲ್ಲಾಳಮ್ಮ ಗದರಿದಳು. "ಸಾಯೂದಿದ್ರ ಇಬ್ರೂ ಕೂಡೇ ಸಾಯೂಣು. ಮೊದಲ ಮನಿಗಿ ನಡಿ."

ನಿನ್ನ
ಮೈನುದ್ದೀನ